ಯಾರ ಮಾತು ಯಾರದು

ನಮ್ಮ ಮೇಡಂಗೆ ಆಮೆ ಮೇಡಂ ಎಂದು ಹೆಸರಿಟ್ಟವಳು ನಾನೇ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆಕೆಗೂ ಅದು ಗೊತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿ ಜಾರಿ ಎದುರಿಗೇ ಅಂದುಬಿಟ್ಟೆ. ಆಕೆ ಚಮಚವನ್ನು ಡಬ್ಬಿಗೂ ಬಾಯಿಗೂ ನಡುವೆ ನಿಲ್ಲಿಸಿ, ಚೆನ್ನಾಗಿ ಯೋಚನೆ ಮಾಡಿ, "ಆಮೆಗೆ ಕಿವಿ ಕೇಳ್ಸುತ್ತಾ ಅಕ್ಕ?" ಎಂದು ಕೇಳಿದರು. ಇಂಥವರನ್ನು ಆಡಿಕೊಂಡು ಏನು ಸುಖ?

ನಾನು ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೆ ಅಕ್ಕ. ಅವರು ಹುದ್ದೆಯಲ್ಲಿ ದೊಡ್ಡವರು, ಅದಕ್ಕೆ ಮೇಡಂ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿ, ಮೆಟ್ಟಿಲ ಪಕ್ಕದ ಎರಡು ಕೋಣೆಗಳೇ ನಮ್ಮ ಇಡೀ ವಿಭಾಗ. ಇಂಟರ್‌ನೆಟ್ಟಿನಲ್ಲಿ ಜನ ಒಬ್ಬರಿಗೊಬ್ಬರು ಏನು ಹೇಳುತ್ತಾರೆ, ಜಗಳ ಹೇಗೆ ಹತ್ತಿಕೊಳ್ಳುತ್ತದೆ, ಗುರುತು ಪರಿಚಯವಿಲ್ಲದವರು ಒಬ್ಬರನ್ನೊಬ್ಬರು ಹೇಗೆ ಸಮಾಧಾನ ಮಾಡುತ್ತಾರೆ ಎಂದು ಓದಿ ತಿಳಿಯುವುದು ನಮ್ಮ ಕೆಲಸ. ತಿಳಿಯುವವರು ಮೇಡಂ. ಓದಬೇಕಾದದ್ದನ್ನೆಲ್ಲ ಒಂದೆಡೆ ತಂದು ಹಾಕುವ ಪ್ರೋಗ್ರಾಂ ಬರೆಯುವವಳು, ಕಂಪ್ಯೂಟರ್ ಹಟ ಹಿಡಿದರೆ ಅದರ ತಲೆಗೆ ಮೊಟಕುವವಳು ನಾನು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಹನೆ ಎಂಬುದು ನನ್ನ ಕೈಗೆ ಸಿಕ್ಕಿದ್ದೇ ಇಲ್ಲ. ಮನೆಯಲ್ಲಿ ನಮ್ಮವರು ಒಂದು ವಾಕ್ಯ ಶುರು ಮಾಡುತ್ತಾರೆ, ನಾನು ಮುಗಿಸುತ್ತೇನೆ. "ಈ ಸಲ ರಜಕ್ಕೆ..." ಎನ್ನುತ್ತಾರೆ. "ನಿಮ್ಮ ತಂಗಿ ಮನೆಗೆ ಹೋಗೋಣ ಅಂತೀರಿ, ಬೇಡ" ಎನ್ನುತ್ತೇನೆ. ಪಾಪ, ಈಗೀಗ ಅವರು ಶುರು ಮಾಡುವುದನ್ನೇ ಬಿಟ್ಟಿದ್ದಾರೆ. ಸಂಸಾರ ತಕರಾರಿಲ್ಲದೆ ನಡೆದಿದೆ.

ನಾವು ಆಗ ಓದುತ್ತಿದ್ದದ್ದು ಜಗಲಿ ಎಂಬ ತಾಣವನ್ನು. ಮಾತಾಡುವಾಗ ಉಗ್ಗುವವರು ಸೇರಿಕೊಂಡು ಬರೆಯುತ್ತಿದ್ದ ಜಾಗ ಅದು. ಹೊರಗೆ ಒಂದು ವಾಕ್ಯಕ್ಕೆ ಬೆವರು ಸುರಿಸುವವರು ಅಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರೆಯುತ್ತಿದ್ದರು. ಒಬ್ಬ ಬರೆದಿದ್ದ: "ನನಗೆ ನೀಲಿ ಅಂಗಿ ಬೇಕಿತ್ತು. ಅಂಗಡಿಯವನ ಎದುರು ನೀಲಿ ಬಾಯಿಂದ ಹೊರಡಲೇ ಇಲ್ಲ. ಹಸಿರು ಕೊಡಿ ಅಂದೆ. ಹೀಗೇ ಆಗಿ ಆಗಿ ನನ್ನ ಬೀರುವಿನಲ್ಲಿ ಈಗ ಬರೀ ಹಸಿರು. ಹೆಂಡತಿ ನನ್ನನ್ನು ಗಿಳಿ ಅಂತ ಕರೀತಾಳೆ."

ಪ್ರತಿಯೊಂದು ಬರಹಕ್ಕೂ ಅದು ಎಂಥದ್ದು ಎಂದು ಒಂದು ಪದದ ಚೀಟಿ ಹಚ್ಚುವುದು ನಮ್ಮ ಪದ್ಧತಿ. ಪ್ರಶ್ನೆ, ಸಲಹೆ, ದೂರು, ತಮಾಷೆ, ಹೀಗೆ. ನಾನೂ ಮೇಡಮ್ಮೂ ಬೇರೆ ಬೇರೆ ಕೂತು ಹಚ್ಚಿ, ಆಮೇಲೆ ಹೋಲಿಸಿ ನೋಡುತ್ತಿದ್ದೆವು. ಈ ಗಿಳಿಗೆ ನಾನು ಕಣ್ಣು ಮುಚ್ಚಿ ತಮಾಷೆ ಎಂದು ಹಚ್ಚಿದೆ. ಮೇಡಂ ಅದರ ಮುಂದೆ ಮಧ್ಯಾಹ್ನವೆಲ್ಲ ಕೂತರು. ನಾನು ಹಲ್ಲು ಕಡಿಯುತ್ತ ಕಾದೆ. ಕೊನೆಗೆ ಆಕೆ, "ಅಕ್ಕ, ಇವರು ಬೆರಳು ತೋರಿಸ್ಬಹುದಿತ್ತಲ್ವಾ? ಅಂಗಿ ಎದುರಿಗೇ ನೇತಾಡ್ತಿರುತ್ತೆ. ಯಾಕೆ ತೋರಿಸ್ಲಿಲ್ಲ?" ಎಂದರು. ಉತ್ತರವನ್ನೂ ತಾವೇ ಹೇಳಿದರು: "ಬಾಯಲ್ಲೇ ಹೇಳ್ಬೇಕು ಅಂತ ಅವರಿಗೆ ಹಟ ಇದೆ. ಪ್ರತಿ ಸಲ ನೀಲಿ ಅನ್ನೋಕೇ ಹೋಗ್ತಾರೆ." ಆಕೆ ಹಚ್ಚಿದ ಚೀಟಿ: ಪ್ರಯತ್ನ. ಓದುವುದು ಎಂದರೆ ಇದು ಎಂದು ಆವತ್ತು ಅನ್ನಿಸಿತು. ಆಕೆಗೆ ಹೇಳಲಿಲ್ಲ, ಹೇಳಿದರೆ ಅದನ್ನೂ ಒಂದು ಮಧ್ಯಾಹ್ನ ಯೋಚಿಸುತ್ತಾರೆ.

ಅಧ್ಯಯನ ಶುರು ಮಾಡುವ ಮುಂಚೆ ಮೇಡಂ ಜಗಲಿಯ ನೆತ್ತಿಯ ಮೇಲೆ ಒಂದು ಮಾತು ಬರೆದು ಹಾಕಿದ್ದರು. ನಿಮ್ಮ ಬರಹ ಓದುತ್ತೇವೆ, ಬೇಡ ಎಂದವರದ್ದನ್ನು ಬಿಡುತ್ತೇವೆ. ಹೆಸರು, ಅಡ್ಡಹೆಸರು ಎಲ್ಲ ಅಳಿಸಿ, ಯಾರ ಮಾತು ಯಾರದೆಂದು ನಮಗೂ ತಿಳಿಯದ ಹಾಗೆ ಮಾಡುತ್ತೇವೆ. ನಿಮ್ಮ ಮಾತನ್ನು ನಿಮಗಲ್ಲದೆ ಬೇರೆ ಯಾರಿಗೂ ಕೊಡುವುದಿಲ್ಲ. ಅಡ್ಡಹೆಸರುಗಳ ಜಾಗದಲ್ಲಿ ನಂಬರು ಕೂರಿಸಿದವಳು ನಾನು. ಯಾವ ನಂಬರು ಯಾವ ಅಡ್ಡಹೆಸರು ಎಂಬ ಪಟ್ಟಿಯನ್ನು ಅಳಿಸಿಹಾಕಿದವಳೂ ನಾನೇ. ಅಳಿಸಿದ ಮೇಲೆ ಕೈ ಕೊಡವಿಕೊಂಡು, "ಇನ್ನು ಬ್ರಹ್ಮ ಬಂದ್ರೂ ಸಿಕ್ಕಲ್ಲ" ಎಂದು ಬೀಗಿದ್ದೆ.

ಅಷ್ಟರಲ್ಲಿ ಜಗಲಿಯೇ ಹೋಯಿತು. ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿತು. ಒಂದು ಸಂಜೆ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಖಾಲಿ ಬಿಳಿ ಪುಟ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಎತ್ತಿ ಹಿಡಿದ ಮಾತೆಲ್ಲ ಗುಡಿಸಿ ಹೊರಗೆಸೆದ ಹಾಗಾಯಿತು. ಆಗ ಯಾರಿಗೋ ನಮ್ಮ ನೆನಪು ಬಂತು. ವಿಶ್ವವಿದ್ಯಾಲಯದವರ ಹತ್ತಿರ ಒಂದು ಪ್ರತಿ ಇದೆಯಲ್ಲ! ಮೇಲಿಂದ ಮೇಲೆ ಪತ್ರ ಬರತೊಡಗಿತು. ನಮ್ಮ ಮಾತು ನಮಗೆ ಕೊಡಿ.

"ಕೊಡೋಣ," ಎಂದರು ಮೇಡಂ.

"ಯಾರಿಗೆ ಯಾವುದನ್ನ ಕೊಡ್ತೀರಿ? ಪಟ್ಟಿ ಇಲ್ವಲ್ಲ! ಎಲ್ಲಾನೂ ಒಟ್ಟಿಗೆ ಒಂದು ಕಡೆ ಹಾಕ್ಬಿಡಿ, ಅವರವರದ್ದು ಅವರವರು ಹೆಕ್ಕಿಕೊಳ್ಳಲಿ."

"ಬೇಡ ಅಂತ ಸುಮ್ಮನಿರೋರದ್ದೂ ಅದ್ರಲ್ಲಿದೆ ಅಕ್ಕ."

ಆಕೆಯ ದಾರಿ ಆಕೆಯಷ್ಟೇ ನಿಧಾನದ್ದು. ಬೇಕೆನ್ನುವವರು ಒಬ್ಬೊಬ್ಬರಾಗಿ ಬರಬೇಕು. ತಾನು ಬರೆದದ್ದರಲ್ಲಿ ನೆನಪಿರುವುದನ್ನು ಹೇಳಬೇಕು. ನಾನು ಹುಡುಕಬೇಕು. ಹೇಳಿದ ಎರಡು ಸಂಗತಿಗಳು ಒಂದೇ ನಂಬರಿನ ಬರಹಗಳಲ್ಲಿ ಸಿಕ್ಕರೆ ಆ ನಂಬರು ಅವರದು, ಆ ನಂಬರಿನ ಬರಹವೆಲ್ಲ ಅವರದು. ಫೋನಿನಲ್ಲಿ ಆಗಬಹುದಲ್ಲ ಎಂದರೆ, ಉಗ್ಗುವವರಿಗೆ ಫೋನಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ ಎಂದು ಗೊತ್ತಿಲ್ಲವೇ ಎಂಬಂತೆ ನೋಡಿದರು. ಬರೆದು ಕಳಿಸುತ್ತೇನೆಂದವರಿಗೆ ಬರೆಯಲೂ ಬಿಟ್ಟರು. ಆದರೆ ಹೆಚ್ಚಿನವರು ಬಂದೇ ಬಂದರು.

ಮೊದಲು ಬಂದವನು ಒಬ್ಬ ಬೇಕರಿಯವನು. ಬಾಗಿಲ ತುಂಬ ಇದ್ದ ಆಳು, ತೋಳಿನ ಮೇಲೆ ಒಲೆ ಸುಟ್ಟ ಗುರುತುಗಳು. ಮೈಮೇಲೆ ಹಚ್ಚ ಹಸಿರು ಅಂಗಿ. ನನ್ನ ಹೊಟ್ಟೆಯಲ್ಲಿ ನಗು ಉಕ್ಕಿತು. ಆತ ಕೂತು, ನೀರು ಕುಡಿದು, ಬಾಯಿ ತೆರೆದ. ಕುತ್ತಿಗೆಯ ನರ ಬಿಗಿಯಿತು. ಗಡ್ಡ ನಡುಗಿತು. ಮಾತು ಬರಲಿಲ್ಲ. ಮೇಡಂ ಮಂಡಿಯ ಮೇಲೆ ಕೈಯಿಟ್ಟು, ಬಸ್ಸಿಗೆ ಕಾಯುವವರಂತೆ ಆರಾಮಾಗಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಹಸಿರು ಅಂಗಿ! ಗಿಳಿ! ಅಲ್ವಾ?"

ಆತ ದೊಡ್ಡದಾಗಿ ನಕ್ಕು ತಲೆಯಾಡಿಸಿದ. ಮೇಡಂ ನಗಲಿಲ್ಲ. ನನ್ನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದರು.

"ಅಕ್ಕ, ಅವರು ಅದನ್ನೇ ಹೇಳೋಕೆ ಹೊರಟಿದ್ರಾ?"

"ಮತ್ತೇನು? ಅಂಗಿ ನೋಡಿ!"

"ನೀವು ಹೇಳಿದ್ರಿ, ಅವರು ಹೂಂ ಅಂದ್ರು. ಜನ ಸುಮ್ನೆ ಹೂಂ ಅಂತಾರೆ ಅಕ್ಕ, ಅದರಲ್ಲೂ ಇವರು. ಹೂಂ ಅಂದ್ರೆ ಬೇಗ ಮುಗಿಯುತ್ತೆ ಅಂತ ಅವರಿಗೆ ಚಿಕ್ಕಂದಿನಿಂದ ಗೊತ್ತು. ನೀವು ಹೇಳಿದ ಮೇಲೆ ಅದು ನಿಮ್ಮ ಮಾತಾಯ್ತು. ಇನ್ನು ಲೆಕ್ಕಕ್ಕೆ ಬರಲ್ಲ."

ಹೀಗೆ ಕಿವಿ ಹಿಂಡಿಸಿಕೊಂಡು ಒಳಗೆ ಬಂದೆ. ಪಾಪ ಬೇಕರಿಯವನು ಗಿಳಿಯನ್ನು ಬಿಟ್ಟು ಬೇರೆ ನೆನಪುಗಳನ್ನು ಅಗೆಯಬೇಕಾಯಿತು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಗಂಟಲು ಕಟ್ಟಿ, ಬಿಟ್ಟು, ಮತ್ತೆ ಕಟ್ಟಿ, ಮಗಳ ಶಾಲೆಗೆ ಹೋಗಿ ಟೀಚರ ಎದುರು ತನ್ನ ಹೆಸರು ಹೇಳಲಾಗದೆ ಯಾರದೋ ಹೆಸರು ಹೇಳಿ ಬಂದದ್ದನ್ನು ಆತ ಹೇಳಿದ. ಅದೂ ಸಿಕ್ಕಿತು, ಆಮೇಲೆ ಹೇಳಿದ ಇನ್ನೊಂದೂ ಸಿಕ್ಕಿತು. ಎರಡೂ ಒಂದೇ ನಂಬರು, ಗಿಳಿಯದ್ದೇ ನಂಬರು. ನಾನು ಮೇಡಂ ಕಡೆ ನೋಡಿ ಹುಬ್ಬು ಹಾರಿಸಿದೆ. ಆಕೆ ನೋಡದವರಂತೆ ಮುದ್ರಿಸಿದ ಹಾಳೆಗಳನ್ನು ಜೋಡಿಸಿ ಎರಡು ಕೈಯಿಂದ ಆತನಿಗೆ ಕೊಟ್ಟರು. ಆತ ಅಲ್ಲೇ ನಿಂತು ಮೊದಲ ಹಾಳೆ ಓದಿ, ಕಣ್ಣೊರೆಸಿಕೊಂಡು, ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡ.

ಆಮೇಲೆ ಬಂದವರು ಕನ್ನಡಕದಂಗಡಿಯ ಹೆಂಗಸು. ಆಕೆ ಉಗ್ಗುತ್ತಿರಲಿಲ್ಲ. ಉಗ್ಗುವುದಿರಲಿ, ಉಸಿರು ತೆಗೆದುಕೊಳ್ಳಲೂ ನಿಲ್ಲುತ್ತಿರಲಿಲ್ಲ. ಬಾಗಿಲಲ್ಲೇ ಶುರು ಮಾಡಿ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ಕತೆ ಮುಗಿಸಿದ್ದರು. ನನಗೆ ಆಕೆ ಕೂಡಲೇ ಹಿಡಿಸಿದರು.

ಉಗ್ಗುತ್ತಿದ್ದವನು ಆಕೆಯ ತಮ್ಮ. ಅಕ್ಕ ತಮ್ಮ ಸೇರಿ ಅಂಗಡಿ ನಡೆಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ, ಮುಂದೆ ಈಕೆ ಮಾತಾಡುತ್ತಿದ್ದರು. ಗಿರಾಕಿಗಳು ಅವನನ್ನೇ ಏನಾದರೂ ಕೇಳಿದರೂ ಈಕೆ ಉತ್ತರ ಕೊಡುತ್ತಿದ್ದರು. ಚಿಕ್ಕಂದಿನಿಂದಲೂ ಹಾಗೇ. ಅವನು ಬಾಯಿ ತೆರೆದರೆ ಅಕ್ಕ ಮಾತು ಮುಗಿಸಿಕೊಡಬೇಕು. ಒಂದು ದಿನ ಅವನು ಜಗಳವಿಲ್ಲ, ತಗಾದೆಯಿಲ್ಲ, ಸುಮ್ಮನೆ ಅಂಗಡಿ ಬಿಟ್ಟು ಸರಕು ಸಾಗಿಸುವ ವ್ಯಾನಿನ ಡ್ರೈವರ್ ಆದ. ಯಾಕೋ ಎಂದರೆ ನಕ್ಕ. ಹೋದ ವರ್ಷ ಹೃದಯ ಕೈಕೊಟ್ಟಿತು, ಇನ್ನೂ ನಲವತ್ತು ದಾಟಿರಲಿಲ್ಲ.

"ಅವನ ಫೋನಲ್ಲಿ ಈ ಜಗಲಿ ಇತ್ತು ಮೇಡಂ. ನನಗೆ ಗೊತ್ತೇ ಇರ್ಲಿಲ್ಲ. ತೆರೆದ್ರೆ ಏನೂ ಇಲ್ಲ, ಬರೀ ಅವನ ಅಡ್ಡಹೆಸರು. ಎರಡನೇ ಗೇರು. ಅವನು ಅಲ್ಲಿ ಏನೋ ಬರೆದಿರ್ತಾನೆ. ನನ್ನ ಬಗ್ಗೆ ಬರೆದಿರ್ತಾನೆ." ಮೊದಲ ಸಲ ಆಕೆಯ ಮಾತು ನಿಂತಿತು. "ನನ್ನಿಂದ ತಪ್ಪಿಸ್ಕೊಳ್ಳೋಕೆ ಹೋದ್ನಾ, ಅಷ್ಟು ಗೊತ್ತಾದ್ರೆ ಸಾಕು. ಸಿಟ್ಟು ಇಟ್ಕೊಂಡೇ ಹೋದ್ನಾ?"

ಮೇಡಂ ತಮ್ಮ ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಅಡ್ಡಹೆಸರುಗಳು ನಮ್ಮ ಹತ್ತಿರ ಇಲ್ಲವೆಂದೂ, ಇದ್ದರೂ ಬರೆದವರಿಗಲ್ಲದೆ ಕೊಡುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇವೆಂದೂ ಹೇಳಿದರು. ಮೆತ್ತಗೆ ಹೇಳಿದರು, ಆದರೆ ಇಲ್ಲ ಎಂದೇ ಹೇಳಿದರು. ಆಕೆ ಎದ್ದು ಹೋದರು. ಬಾಗಿಲು ಮುಚ್ಚುತ್ತಲೇ ನಾನು ಮೇಡಂ ಮೇಲೆ ಹರಿಹಾಯ್ದೆ.

"ಸತ್ತವನಿಗೆ ಕೊಟ್ಟ ಮಾತು! ಬದುಕಿರೋಳ ಗತಿ?"

"ಸತ್ತವರು ಬಂದು ಕೇಳಲ್ಲ ಅಂತಾನೇ ಅದನ್ನ ಹೆಚ್ಚು ಕಾಯ್ಬೇಕು ಅಕ್ಕ," ಎಂದರು. ಮುಖ ಬಾಡಿತ್ತು. ಆಕೆಗೇನೂ ಇದು ಸುಲಭವಾಗಿರಲಿಲ್ಲ.

ಮಾರನೆಯ ದಿನ ಮೇಡಂ ಪಾಠಕ್ಕೆ ಹೋದಾಗ ನಾನು ಹುಡುಕಲು ಕೂತೆ. ಕದ್ದು ಕೊಡಬೇಕೆಂದಲ್ಲ, ತಿಳಿದಿರಲಿ ಎಂದು. ಅಕ್ಕ, ಅಂಗಡಿ, ಗಿರಾಕಿ, ಮೂರೂ ಪದ ಕೊಟ್ಟೆ. ಒಂದು ಬರಹ ಮೇಲೆ ಬಂತು. "ಅಕ್ಕ ನನ್ನ ಬಾಯನ್ನೇ ಕಿತ್ತುಕೊಂಡಳು. ಗಿರಾಕಿ ನನ್ನನ್ನು ಕೇಳಿದರೆ ಉತ್ತರ ಅವಳು ಕೊಡುತ್ತಾಳೆ. ಅಂಗಡಿ ಬಿಟ್ಟು ಹೋಗುತ್ತೇನೆ. ಅವಳ ಮುಖ ನೋಡುವುದೂ ನನಗೆ ಬೇಡವಾಗಿದೆ."

ಇದೇ, ಅನುಮಾನವೇ ಇಲ್ಲ. ಇದನ್ನು ಓದಿದರೆ ಆ ಹೆಂಗಸು ಬದುಕುವುದು ಹೇಗೆ? ಮೇಡಂ ಇಲ್ಲ ಎಂದದ್ದೇ ಒಳ್ಳೆಯದಾಯಿತು ಅನ್ನಿಸಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕನ್ನಡಕದಂಗಡಿಗೆ ನುಗ್ಗಿ, ಉಪಕಾರ ಮಾಡುವವಳ ಹಾಗೆ, "ಅದನ್ನ ಮರೆತುಬಿಡಿ. ಕೆಲವು ಮಾತು ಕೇಳದಿದ್ರೇನೇ ವಾಸಿ" ಎಂದೆ. ಆಕೆ ಕೈಯಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟರು. ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ನನ್ನ ಮುಖದಲ್ಲೇ ಎಲ್ಲ ಇತ್ತು. ಅಂಥ ಮಾತುಗಾತಿ ನಾನು ಹೊರಡುವವರೆಗೂ ತುಟಿ ಬಿಚ್ಚಲಿಲ್ಲ.

ಅದೇ ವಾರ ಒಬ್ಬ ನರ್ಸ್ ಬಂದಳು. ಡ್ಯೂಟಿ ಮುಗಿಸಿ ನೇರ ಬಂದವಳು, ಕಣ್ಣ ಕೆಳಗೆ ಕಪ್ಪು. ಅಪ್ಪನದ್ದು ಚಪ್ಪಲಿ ಅಂಗಡಿಯಂತೆ, ಹಿಂದೆ ತಾನೂ ಅಕ್ಕನೂ ಅಲ್ಲಿ ಕೂರುತ್ತಿದ್ದರಂತೆ. ನೆನಪಿರುವುದನ್ನು ಹೇಳಿ ಎಂದರು ಮೇಡಂ. ಅವಳು ಕಣ್ಣು ಮುಚ್ಚಿ, ತಡೆತಡೆದು, ಆದರೆ ಒಂದು ಪದವೂ ತಪ್ಪದೆ ಹೇಳಿದಳು.

"ಅಕ್ಕ ನನ್ನ ಬಾಯನ್ನೇ ಕಿತ್ತುಕೊಂಡಳು..."

ಅದನ್ನು ಹುಡುಕುವ ಅಗತ್ಯವೇ ನನಗಿರಲಿಲ್ಲ. ಅವಳು ಹೇಳಿದ ಇನ್ನೊಂದು ಸಂಗತಿಯೂ ಅದೇ ನಂಬರಿನಲ್ಲಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. "ಆಗ ಅಷ್ಟು ಸಿಟ್ಟಿತ್ತು," ಎಂದು ಅವಳು ನಕ್ಕಳು, "ಈಗ ಅವಳ ಮಕ್ಕಳು ನನ್ನ ತಲೆ ಮೇಲೇ ಇರ್ತಾರೆ." ಹಾಳೆ ತೆಗೆದುಕೊಂಡು ಹೋದಳು.

ನಾನು ಮೇಡಂಗೆ ಎಲ್ಲ ಹೇಳಿದೆ. ಹುಡುಕಿದ್ದು, ಸಿಕ್ಕಿದ್ದು, ಅಂಗಡಿಗೆ ಹೋದದ್ದು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆಕೆ ಬ್ಯಾಗನ್ನು ಹೆಗಲಿಗೇರಿಸಿ, "ನಡೀರಿ ಅಕ್ಕ, ಈಗಲೇ ಹೋಗೋಣ" ಎಂದರು. ಎಷ್ಟು ಬೇಗ ನಡೆದರೆಂದರೆ, ರಸ್ತೆ ದಾಟುವಾಗ ನಾನು ಏದುಸಿರು ಬಿಡುತ್ತ ಹಿಂದೆ ಓಡಬೇಕಾಯಿತು. ಬೇಗ ಮಾಡಬೇಕಾದದ್ದು ಯಾವುದು, ನಿಧಾನವಾಗಿ ಮಾಡಬೇಕಾದದ್ದು ಯಾವುದು ಎಂದು ಇವರಿಗೆ ಯಾರು ಕಲಿಸಿದರೋ. ನನಗಂತೂ ಯಾರೂ ಕಲಿಸಿಲ್ಲ.

ಅಂಗಡಿಯಲ್ಲಿ ನಾನೇ ಹೇಳಿದೆ. "ನಾನು ಓದಿದ್ದು ಬೇರೆಯವರದ್ದು. ನಿಮ್ಮ ತಮ್ಮಂದು ಅಂತ ನಾನೇ ಅಂದ್ಕೊಂಡೆ. ಅಲ್ಲ ಅದು."

ಕನ್ನಡಕದಂಗಡಿಯಾಕೆ ಕುಳಿತುಬಿಟ್ಟರು. ಆ ವಾರದಲ್ಲಿ ಆಕೆ ಇಳಿದುಹೋಗಿದ್ದರು. "ಹಾಗಾದ್ರೆ ಅವನದ್ದು ಯಾವುದು?"

"ಗೊತ್ತಿಲ್ಲ," ಎಂದರು ಮೇಡಂ. "ಇನ್ನು ಊಹೆ ಮಾಡಲ್ಲ."

ಉಪಾಯ ಹೊಳೆದದ್ದು ಬೇಕರಿಯವನಿಗೆ. ಬ್ರೆಡ್ಡಿನ ಪೊಟ್ಟಣ ಹಿಡಿದು ಒಂದು ಮಧ್ಯಾಹ್ನ ಬಂದ. ತಾನು ಬರೆದದ್ದರಲ್ಲಿ ಮುಕ್ಕಾಲು ಪಾಲು ಬೇರೆಯವರಿಗೆ ಕೊಟ್ಟ ಉತ್ತರ, ಪ್ರಶ್ನೆಯಿಲ್ಲದೆ ಉತ್ತರ ಓದಿದರೆ ಒಂದೇ ಕಾಲಿನ ಚಪ್ಪಲಿ ಕೊಂಡ ಹಾಗಿದೆ ಎಂದ. ಇದನ್ನು ಹೇಳಲು ಆತನಿಗೆ ಬಹಳ ಹೊತ್ತು ಹಿಡಿಯಿತು, ನಾನು ನನ್ನ ಬಾಯಿಗೆ ಬ್ರೆಡ್ಡು ತುಂಬಿಕೊಂಡು ಕಾದೆ. ತಮ್ಮ ತಮ್ಮ ಹಾಳೆ ಪಡೆದವರೆಲ್ಲ ಒಂದು ಕಡೆ ಸೇರೋಣ. ಯಾವ ಮಾತಿನ ಹಿಂದೆ ಯಾವ ಮಾತು ಬಂತು ಎಂಬ ಸರದಿ ನಿಮ್ಮ ಹತ್ತಿರ ಇದೆಯಲ್ಲ, ಅದೇ ಸರದಿಯಲ್ಲಿ ಅವರವರದ್ದನ್ನು ಅವರವರೇ ಗಟ್ಟಿಯಾಗಿ ಓದೋಣ. ಬಾರದೇ ಇದ್ದವರ ಸರದಿಯಲ್ಲಿ ಸುಮ್ಮನಿರೋಣ.

ಗಟ್ಟಿಯಾಗಿ! ಜೀವಮಾನವೆಲ್ಲ ಅದರಿಂದಲೇ ತಪ್ಪಿಸಿಕೊಂಡು ಓಡಿದ ಜನ. ನಾನು ಮೇಡಂ ಮುಖ ನೋಡಿದೆ. ಆಕೆಯ ಕಣ್ಣು ತುಂಬಿತ್ತು.

ಆಮೇಲೆ ಆಕೆ ಆತನನ್ನು ಒಂದು ಮಾತು ಕೇಳಿದರು. ಜಗಲಿಯಲ್ಲಿದ್ದ ಒಬ್ಬರ ಮನೆಯವರು ಕೇಳಲು ಬರಬಹುದೇ? ಬಂದರೆ ತಮ್ಮವರ ಅಡ್ಡಹೆಸರನ್ನು ಅವರೇ ನಿಮಗೆ ಹೇಳುತ್ತಾರೆ. ಏನು ಓದಬೇಕು, ಏನು ಓದಬಾರದು ಎಂಬುದು ನಿಮಗೆ ಬಿಟ್ಟದ್ದು. ಬರುವ ಪ್ರತಿಯೊಬ್ಬರನ್ನೂ ಹೀಗೇ ಕೇಳಿದರು. ಯಾರೂ ಬೇಡ ಎನ್ನಲಿಲ್ಲ.

"ಇದು ಸರೀನಾ ಮೇಡಂ?" ಎಂದೆ ನಾನು. ನನಗೂ ಈಗ ಯೋಚಿಸುವ ರೋಗ ಅಂಟಿತ್ತು. "ಅವನ ಒಪ್ಪಿಗೆ ಇಲ್ವಲ್ಲ."

"ಅವರ ಮಾತನ್ನ ನಾವು ಕೊಡ್ತಿಲ್ಲ. ಉತ್ತರ ಬರೆದವರು ತಮ್ಮ ಮಾತನ್ನ ತಾವು ಓದ್ತಾರೆ, ಅದು ಅವರದ್ದು. ಪೂರ್ತಿ ಸರಿ ಅಂತ ನನಗೂ ಧೈರ್ಯ ಇಲ್ಲ ಅಕ್ಕ. ಆದ್ರೆ ನನಗೆ ಕಂಡಿದ್ದು ಇಷ್ಟೇ ದಾರಿ."

ಒಂದು ರಜೆಯ ದಿನ, ನಮ್ಮ ಕಟ್ಟಡದ ದೊಡ್ಡ ತರಗತಿಯಲ್ಲಿ ಬೆಂಚುಗಳನ್ನು ಸುತ್ತ ಎಳೆದು ಹಾಕಿದೆವು. ನರ್ಸ್, ಬೇಕರಿಯವನು, ಲಿಫ್ಟ್ ರಿಪೇರಿಯವನು, ಗಣಿತದ ಮೇಷ್ಟ್ರು, ಇನ್ನೂ ಎಷ್ಟೋ ಜನ. ಕನ್ನಡಕದಂಗಡಿಯಾಕೆ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತರು. ಎದ್ದು ನಿಂತು, ತಾನು ಎರಡನೇ ಗೇರಿನ ಅಕ್ಕ, ಅವನು ಈಗ ಇಲ್ಲ ಎಂದಷ್ಟೇ ಹೇಳಿ ಕೂತರು. ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಎಲ್ಲರಿಗೂ ಗೊತ್ತಿದ್ದವನು. ನಮ್ಮ ಕಂಪ್ಯೂಟರಿನಿಂದ ನಾನು ಎಷ್ಟು ಚೆನ್ನಾಗಿ ಅಳಿಸಿದ್ದೆನೋ, ಇವರ ತಲೆಯಲ್ಲಿ ಅಷ್ಟೇ ಚೆನ್ನಾಗಿ ಉಳಿದಿದ್ದ. ಬೇಕರಿಯವನು ಹಣೆಗೆ ಕೈ ಹಚ್ಚಿಕೊಂಡ.

ಮೇಡಂ ಸರದಿಯನ್ನು ಕೂಗುತ್ತ ಹೋದರು. ಓದು ಶುರುವಾಯಿತು. ಅಂಥ ಓದನ್ನು ನಾನು ಮತ್ತೆ ಕೇಳಲಿಲ್ಲ. ಒಂದೊಂದು ಪದಕ್ಕೂ ಒಬ್ಬೊಬ್ಬರು ಏರು ಹತ್ತಿ ಇಳಿಯುತ್ತಿದ್ದರು, ಯಾರೂ ಯಾರ ಕೈಯನ್ನೂ ಎಳೆಯುತ್ತಿರಲಿಲ್ಲ. ನಗುವ ಮಾತಿಗೆ ಮಾತು ಮುಗಿದ ಮೇಲೇ ನಕ್ಕರು. ಗಿಳಿಯ ಅಂಗಿಯ ಕತೆಗೆ ಅರ್ಧ ಕೋಣೆ ಉರುಳಾಡಿತು. ಬಾರದವರ ಸರದಿ ಬಂದಾಗ ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ಕೂತರು. ಅಷ್ಟು ಜನ ಅಷ್ಟು ಮರ್ಯಾದೆಯಿಂದ ಸುಮ್ಮನಿದ್ದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಇದನ್ನೆಲ್ಲ ಸಾಧ್ಯ ಮಾಡಿದ ಹೆಂಗಸು ಹಲಗೆಯ ಪಕ್ಕ, ಸರದಿಯ ಹಾಳೆ ಹಿಡಿದು, ಯಾರ ಕಣ್ಣಿಗೂ ಬೀಳದ ಹಾಗೆ ನಿಂತಿದ್ದರು. ನನಗೆ ಆಕೆಯ ಮೇಲೆ ಅಭಿಮಾನ ಉಕ್ಕಿ ಬಂತು. ನನ್ನ ಮಗಳಾಗಿದ್ದರೆ ಎದ್ದು ಹೋಗಿ ನೆಟಿಕೆ ಮುರಿಯುತ್ತಿದ್ದೆ.

ಮತ್ತೊಂದು ಮಾತುಕತೆ ಶುರುವಾಯಿತು. ಮೊದಲ ಸರದಿಗೆ ಯಾರೂ ಏಳಲಿಲ್ಲ. ಮೌನ. ಎರಡನೆಯದು ಬೇಕರಿಯವನದು. ಆತ ಎದ್ದು, ಹಾಳೆ ನೋಡಿ, ಕನ್ನಡಕದಂಗಡಿಯಾಕೆಯನ್ನು ನೋಡಿದ. "ಇದು ನಾನು ಗೇರಿಗೆ ಬರೆದದ್ದು. ಓದ್ಲಾ?" ಎಂದು ಕೇಳಲೇ ಆತನಿಗೆ ಕಷ್ಟವಾಯಿತು. ಆಕೆ ತಲೆಯಾಡಿಸಿದರು. ಹಾಳೆಯಲ್ಲಿ ನಂಬರಿದ್ದ ಕಡೆ ನೆನಪಿನಿಂದ ಅಡ್ಡಹೆಸರು ಸೇರಿಸಿಕೊಂಡು ಆತ ಓದಿದ.

"ಗೇರು, ನೀನು ಒಳ್ಳೆಯವನಿರಬಹುದು, ಆದರೆ ಶುದ್ಧ ಪೆದ್ದ. ಅಕ್ಕನ ಪಕ್ಕ ಇದ್ದರೆ ನಾನು ಮಾತಾಡಲು ಕಲಿಯುವುದೇ ಇಲ್ಲ ಅಂತೀಯ. ಸರಿ. ಅದನ್ನು ಅವಳಿಗೆ ಹೇಳು ಅಂದರೆ, ಹೇಳಿದರೆ ಅವಳು ಮಾತು ನಿಲ್ಲಿಸಿಬಿಡುತ್ತಾಳೆ, ಅವಳ ಮಾತಿಲ್ಲದ ಅಂಗಡಿಯಲ್ಲಿ ನನಗೂ ಇರಲಾಗುವುದಿಲ್ಲ ಅಂತೀಯ. ಅದಕ್ಕೆ ಹೇಳದೆ ವ್ಯಾನ್ ಓಡಿಸಲು ಹೋಗ್ತೀನಿ ಅಂತೀಯ. ನಿನಗೆ ಅವಳ ಮೇಲೆ ಇಷ್ಟು ಪ್ರೀತಿ ಇದ್ದರೆ ಓಡಿಹೋಗಬೇಡ. ಹೋಗಿ ಹೇಳು. ಎಷ್ಟು ಹೊತ್ತಾದರೂ ಆಗಲಿ, ಅವಳು..."

ಅಲ್ಲಿ ಆತನ ಗಂಟಲು ಕಟ್ಟಿತು. ಮುಂದಿನ ಪದದ ಮೊದಲ ಅಕ್ಷರ ತುಟಿಯ ಮೇಲೆ ಬಂದು ನಿಂತು, ಮುಂದೆ ಹೋಗಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಆ ಪದ ಏನೆಂದು ನನಗೆ ಗೊತ್ತಿತ್ತು. ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕನ್ನಡಕದಂಗಡಿಯಾಕೆಯ ತುಟಿ ತಾನಾಗಿ ತೆರೆಯಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಣ್ಣೀರು ಕೈಮೇಲೆ ಇಳಿಯುತ್ತಿತ್ತು, ಆಕೆ ಸದ್ದು ಮಾಡಲಿಲ್ಲ. ಆತನ ಮುಖವನ್ನೇ ನೋಡುತ್ತ ಕೂತರು.

"ಕಾಯ್ತಾಳೆ," ಎಂದ ಆತ ಕೊನೆಗೆ.

ಮೇಡಂ ಮುಂದಿನ ಸರದಿ ಕೂಗಲಿಲ್ಲ. ಕನ್ನಡಕದಂಗಡಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತರು.

"ಇನ್ನೊಂದ್ ಸಲ ಓದ್ತೀರಾ?"

"ತುಂ... ತುಂಬ ಹೊತ್ತಾಗುತ್ತಮ್ಮ," ಎಂದ ಬೇಕರಿಯವನು.

"ಆಗ್ಲಿ," ಎಂದು ಆಕೆ ಬಾಗಿಲ ಹತ್ತಿರದ ಬೆಂಚು ಬಿಟ್ಟು ಬಂದು ಆತನ ಎದುರಿಗೇ ಕೂತರು. ಆತ ಮೊದಲಿನಿಂದ ಶುರು ಮಾಡಿದ.